ಬೆನ್ನಿಗೆ ನೀರು

ಚಿಕ್ಕತಾಯಮ್ಮ ಬರುವುದು ನಿನ್ನೆಗೆ ಮುಗಿಯಿತು.
ನಲವತ್ತು ದಿನ, ಬೆಳಗಿನ ಆರಕ್ಕೆ,
ಲಗ್ಗೆರೆಯ ಈ ಎರಡನೇ ಮಹಡಿ ಹತ್ತಿ
ಏದುಸಿರಿನಲ್ಲೇ ಗೀಸರನ್ನು ಬಯ್ದವಳು:
"ಇದ್ಯಾವ ಬಿಸಿ, ಕೋಳಿ ಪುಕ್ಕಾನೂ ಉದುರಲ್ಲ."
ಗ್ಯಾಸಿನ ಮೇಲೆ ದೊಡ್ಡ ಪಾತ್ರೆಯಿಟ್ಟು ಕುದಿಸಿ,
ಕಿವಿಗೆ ಹತ್ತಿ, ತಲೆಗೆ ಟವೆಲ್ಲು,
ಸೊಂಟಕ್ಕೆ ಹಳೇ ಪಂಚೆ ಸುತ್ತಿ ಬಿಗಿದರೆ
ಉಸಿರೂ ಅವಳನ್ನು ಕೇಳಿಯೇ ಹೋಗಬೇಕು.

ನಿನ್ನೆ ಸೀರೆ, ಎಲೆಅಡಿಕೆ, ಕವರಿನ ದುಡ್ಡು ತೆಗೆದುಕೊಂಡು
ಬಾಗಿಲಲ್ಲಿ ನಿಂತು ಅಂದಳು:
"ಇನ್ಮೇಲೆ ನೀನೇ ಹಾಕ್ಕೋ ಕಣವ್ವ.
ಬೆನ್ನು ಮರೀಬೇಡ."

ಇವತ್ತು ಬಚ್ಚಲಲ್ಲಿ ಮಗ್ಗು ಹಿಡಿದು ನಿಂತಿದ್ದೇನೆ.
ಬೆನ್ನು ಎಲ್ಲಿದೆ ಎಂದೇ ಗೊತ್ತಿಲ್ಲ.

ಒಂಬತ್ತು ವರ್ಷ ಬಸ್ಸಿನಲ್ಲಿ ನಿಂತವಳು ನಾನು.
ಅಜ್ಜಿಗೆ ಜಾಗ ಬಿಡಿ, ಬಸುರಿಗೆ ಜಾಗ ಬಿಡಿ,
ಯಾರ್ರೀ ಅದು ಲೇಡೀಸ್ ಸೀಟಲ್ಲಿ, ಏಳ್ರೀ ಮೇಲೆ.
ಹೀಗೆ ಎಬ್ಬಿಸಿ ಕೂರಿಸಿದವರ ಲೆಕ್ಕ
ಡಿಪೋದಲ್ಲೂ ಇಲ್ಲ.
ಐದನೇ ತಿಂಗಳವರೆಗೂ ನನ್ನ ಹೊಟ್ಟೆ
ದುಡ್ಡಿನ ಚೀಲದ ಹಿಂದೆ ಅಡಗಿತ್ತು.
ಯಾರೂ ನನಗಾಗಿ ಏಳಲಿಲ್ಲ.
ನಾನೂ ಕೇಳಲಿಲ್ಲ.

ಮನೆಗೆ ಬಂದ ಮೇಲೂ ಅದೇ ಡ್ಯೂಟಿ.
ಬಂದವರೆಲ್ಲ ತೊಟ್ಟಿಲಿಗೆ ಬಗ್ಗಿ
ಮೂಗು ಅಪ್ಪನದು, ಕಿವಿ ಅತ್ತೆಯದು ಎಂದು ಹಂಚಿಕೊಂಡರು.
ನನ್ನ ಪಾಲಿಗೆ ಹೊಲಿಗೆಯ ನೋವು ಉಳಿಯಿತು.
ಅದನ್ನಿಟ್ಟುಕೊಂಡು ಟೀ ಕೊಟ್ಟೆ. ನಿಂತೇ ಕೊಟ್ಟೆ.

ಮೂರನೇ ವಾರ, ಒಂದು ಮಧ್ಯಾಹ್ನ,
ಮಗು ಅಳುತ್ತಿತ್ತು, ಕೇಳಿಸುತ್ತಿತ್ತು,
ಗೊರಗುಂಟೆಪಾಳ್ಯದಲ್ಲೆಲ್ಲೋ ಸಿಕ್ಕಿಕೊಂಡ
ಗಾಡಿಯ ಹಾರನ್ನಿನ ಹಾಗೆ.
ನಾನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ.
ಮೂರೇ ಇವೆ. ಮತ್ತೆ ಎಣಿಸಿದೆ. ಮತ್ತೆ.
ಎದೆಹಾಲು ತಾನಾಗಿ ಸುರಿದು ನೈಟಿ ನೆನೆಯಿತು,
ಕಣ್ಣೂ ಅದರ ಜೊತೆ ಸೇರಿಕೊಂಡಿತು.
ಯಾಕಮ್ಮಾ ಅಂದರೆ ಕೊಡಲು
ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ.

ಆರೋಗ್ಯ ಕೇಂದ್ರದಿಂದ ಸಿಸ್ಟರ್ ಫಿಲೋಮಿನಾ ಬಂದರು.
ಮಗುವನ್ನು ತೂಗಿ, ಬರೆದುಕೊಂಡು,
ಪೆನ್ನಿನ ಮುಚ್ಚಳ ಹಾಕಿ,
"ಮಗು ಚೆನ್ನಾಗಿದೆ. ನೀವು?" ಅಂದರು.
ನೀವು ಅಂದರೆ ಯಾರು ಎಂದು ಹಿಂದೆ ತಿರುಗಿ ನೋಡಿದೆ.
ಒಣಹಾಕಿದ ಲಂಗೋಟಿ. ನೀರಿನ ಡ್ರಮ್ಮು.
ಬೇರೆ ಯಾರೂ ಇರಲಿಲ್ಲ.

ಹೇಳಿದೆ. ಫ್ಯಾನಿನದ್ದೂ ಹೇಳಿದೆ.
ಅವರು ಬುದ್ಧಿ ಹೇಳಲಿಲ್ಲ. ಮುಚ್ಚಳ ತೆಗೆದು
ಚೀಟಿ ಬರೆದರು, ಸೋಮವಾರ
ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು.
ಹೊರಡುವಾಗ, ಒಳಗಿದ್ದ ಪರಮಶಿವನಿಗೂ ಕೇಳುವ ಹಾಗೆ,
"ಮಗು ಮಲಗಿದಾಗ ನೀವು ಪಾತ್ರೆ ತೊಳೀಬೇಡಿ" ಅಂದರು.
ಅವನಿಗೆ ಕೇಳಿಸಿತು.
ಈಗ ಅವನೇ ತೊಳೆಯುತ್ತಾನೆ,
ಮಲಗಿದವರೆಲ್ಲ ಎದ್ದು ಕೂರುವಷ್ಟು ಸದ್ದು ಮಾಡಿ.

ನಿದ್ದೆ ಕಂತಿನಲ್ಲಿ ಬರುತ್ತಿದೆ.
ಸಬ್ಬಸಿಗೆ ಸಾರು ಬಿಸಿಯಿರುವಾಗಲೇ ಉಣ್ಣುತ್ತೇನೆ.
ಅಳುವವಳು ಎರಡು ನಿಮಿಷ
ಅಪ್ಪನ ಹೆಗಲಲ್ಲಿ ಅಳಲಿ.
ಸಂಜೆ ಟೆರೇಸಿಗೆ ಒಬ್ಬಳೇ ಹೋಗಿ
ರಿಂಗ್ ರೋಡಿನ ಬಸ್ಸು ನೋಡುತ್ತೇನೆ,
ಬಕೆಟ್ಟು ಬೋರಲು ಹಾಕಿ, ಕೂತು.
ಕೆಲವು ದಿನ ಫ್ಯಾನು ಇನ್ನೂ ಕರೆಯುತ್ತದೆ.
ಕರೆದರೆ ಫೋನು ಮಾಡಿ ಅಂದಿದ್ದಾರೆ.
ಎರಡು ಸಲ ಮಾಡಿದ್ದೇನೆ.

ಮಗ್ಗನ್ನು ಹೆಗಲ ಮೇಲಿಂದ ವಾಲಿಸಿದೆ.
ಮೊದಲನೆಯದು ಗೋಡೆಗೆ ಹೋಯಿತು.
ಎರಡನೆಯದು ಕುತ್ತಿಗೆಗೆ.
ಮೂರನೆಯದು, ಚೀಲದ ಪಟ್ಟಿ ಒಂಬತ್ತು ವರ್ಷ ಕೊರೆದ
ಆ ಜಾಗದ ಮೇಲೆ
ಬಿಸಿಬಿಸಿಯಾಗಿ ಇಳಿಯಿತು.
ಓ, ಇಲ್ಲಿದ್ದೀಯಾ.

ಹೊರಗೆ ಮಗು ಎದ್ದ ಸದ್ದು,
ಬಾಗಿಲ ಹತ್ತಿರ ಪರಮಶಿವನ ಚಪ್ಪಲಿ ಸದ್ದು.
"ಐದು ನಿಮಿಷ" ಅಂದೆ.
ಇನ್ನೂ ಅರ್ಧ ಬಕೆಟ್ಟು ಇದೆ.